ಟಕ್ ಎಂದು ಸುಮ್ಮನಾದ ಮಾರುತಿ 800

ತೀರ್ಥಹಳ್ಳಿ ಕಡೆಯ ಜುಲೈ ಮಳೆ. ನಾಲ್ಕು ದಿನದಿಂದ ಅಂಗಳದಲ್ಲೇ ನೆನೆಯುತ್ತಾ ನಿಂತಿದ್ದ 1997ರ ಕಾರ್ಬುರೇಟರ್ ಮಾರುತಿ 800. ಬೆಳಿಗ್ಗೆ ಕೀ ತಿರುಗಿಸಿದರೆ ಬಾನೆಟ್ಟಿನೊಳಗಿಂದ ಒಂದೇ ಒಂದು "ಟಕ್", ಅಷ್ಟೇ. ಬೇಸಿಗೆಯಲ್ಲೂ ಇದೇ ತಕರಾರಿಗೆ ಹೊಸ 35 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಕೂರಿಸಿ ಆಗಿತ್ತು.

ಸ್ಪ್ಯಾನರ್ ಮುಟ್ಟುವ ಮೊದಲು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬೇಕು. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಇಲ್ಲಿ "ಟಕ್" ಎಂದಾಗಲೂ ಬೆಳಕು ಹೆಚ್ಚುಕಡಿಮೆ ಹಾಗೇ ಇತ್ತು. ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಸೆಲ್ಫ್ ಮೋಟಾರಿಗೆ ಮುಟ್ಟುತ್ತಿಲ್ಲ. ಇನ್ನೊಂದು ಸುಳಿವೂ ಸಿಕ್ಕಿತು: ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಡ್ಯಾಶ್‌ಬೋರ್ಡಿನಿಂದ ಎಂಜಿನ್ನಿಗೆ ಹೋಗುವ ಚೋಕ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಎಂಜಿನ್ನಿನಿಂದ ಕಾರಿನ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದೊಡ್ಡ ದಾರಿ, ಅಂದರೆ ಅರ್ಥಿಂಗ್, ಮುಚ್ಚಿದಾಗ ಕರೆಂಟು ಇಂಥ ಸಣ್ಣ ತಂತಿ ಹಿಡಿದು ಹೋಗುತ್ತದೆ. ಹಾಗೇ ಹೊಡೆಯುತ್ತಾ ಹೋದರೆ ಕೇಬಲ್ಲಿನ ಹೊದಿಕೆ ಕರಗುತ್ತದೆ.

ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್. ಬಹಳ ಜನ ಮೋಸ ಹೋಗುವುದು ಇಲ್ಲೇ. ಲೋಡ್ ಇಲ್ಲದಾಗ ಒಂದೇ ಎಳೆಯಲ್ಲಿ ನೇತಾಡುವ ತಂತಿಯೂ 12 ವೋಲ್ಟ್ ತೋರಿಸುತ್ತದೆ. ಅಳೆಯಬೇಕಾದದ್ದು ಸೆಲ್ಫ್ ಹೊಡೆಯುವಾಗ, ತಂತಿಯ ಎರಡು ತುದಿಗಳ ನಡುವೆ; ಅಲ್ಲಿ ಬರುವ ವೋಲ್ಟ್ ಅಷ್ಟೂ ತಂತಿಯೇ ನುಂಗಿದ್ದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ಹತ್ತದಂತೆ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಕಳಚಿರಲಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬಾರದು.

ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ 0.1 ವೋಲ್ಟ್ ಬಂತು, ತಕರಾರಿಲ್ಲ. ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ 0.3 ದಾಟಬಾರದು. ಇಲ್ಲಿ ಬಂದದ್ದು 7.9! ಆಗ ಬ್ಯಾಟರಿ ಕೊಡುತ್ತಿದ್ದದ್ದು 11.6 ವೋಲ್ಟ್. ಅರ್ಥಿಂಗ್ ದಾರಿಯೇ ಮೂರರಲ್ಲಿ ಎರಡು ಪಾಲು ನುಂಗಿದ ಮೇಲೆ ಮೋಟಾರಿಗೆ ಉಳಿದದ್ದು 3.6. ಮೋಟಾರಿಗೆ ಕರೆಂಟ್ ಜೋಡಿಸುವ ಸ್ವಿಚ್ಚಾದ ಸೊಲೆನಾಯ್ಡ್ "ಟಕ್" ಎಂದು ಎಳೆದುಕೊಳ್ಳುತ್ತದೆ, ಮೋಟಾರ್ ತಿರುಗುವುದಿಲ್ಲ. ಇಂಡಿಕೇಟರಿನಂಥ ಸಣ್ಣ ಲೋಡಿಗೆ ಲೆಕ್ಕಕ್ಕೇ ಬಾರದ ತಡೆ ಸೆಲ್ಫಿಗೆ ಗೋಡೆಯಾಗುತ್ತದೆ. 100 ಆಂಪಿಯರ್ ಹರಿಯುವಲ್ಲಿ 0.02 ಓಮ್ ತಡೆ ಇದ್ದರೂ 2 ವೋಲ್ಟ್ ಹೋಯಿತು.

ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ ಸಾಕು: ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ನೇರ ಎಂಜಿನ್ನಿನ ಬರಿ ಲೋಹಕ್ಕೆ. ಹಾಗೆ ಕೊಟ್ಟ ತಕ್ಷಣ ಸೆಲ್ಫ್ ಗರಗರ ತಿರುಗಿತು.

ಎಂಜಿನ್ನಿಗೆ ಜೋಡಿಸಿಕೊಂಡಿರುವ ಗೇರ್‌ಬಾಕ್ಸಿಗೆ ಹೋಗುವ ಅರ್ಥ್ ವೈರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಲಗ್ (ವೈರ್ ತುದಿಯಲ್ಲಿ ಬೋಲ್ಟಿಗೆ ಕೂರುವ ಲೋಹದ ತುಂಡು) ಹತ್ತಿರ ಬಗ್ಗಿಸಿದರೆ ಕರಕರ ಎಂದಿತು. ರಬ್ಬರ್ ಸೀಳಿದಾಗ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು, ಕೈಬೆರಳಲ್ಲಿ ಎಣಿಸುವಷ್ಟು ಎಳೆ ಉಳಿದಿದ್ದವು. ಬೋಲ್ಟಿನ ಕೆಳಗೆ ತುಕ್ಕು ಹಾಳೆ ಹಾಳೆಯಾಗಿ ಎದ್ದಿತ್ತು.

ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಜೋಡಿಸುವಾಗ ಮೈನಸ್ ಕೊನೆಗೆ. ಹೊಸದಕ್ಕೆ 25 ಚದರ ಮಿ.ಮೀ. ತಾಮ್ರದ ಕೇಬಲ್, ಎರಡೂ ತುದಿಗೆ ಪ್ರೆಸ್ ಮಾಡಿದ ಲಗ್. ಇಕ್ಕಳದಲ್ಲಿ ಜಜ್ಜಿ ಕೂರಿಸಿದ ಲಗ್ ಒಂದೆರಡು ಮಳೆಗಾಲದಲ್ಲಿ ಮತ್ತೆ ಇದೇ ಕಥೆ ಮಾಡುತ್ತದೆ. ಬಾಡಿ ಮತ್ತು ಗೇರ್‌ಬಾಕ್ಸ್ ಎರಡೂ ಕಡೆ ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್. ಬಣ್ಣದ ಮೇಲೇ ಲಗ್ ಕೂರಿಸಿದರೆ ಕೆಲಸ ದಂಡ. ಬ್ಯಾಟರಿ ಕಂಬಗಳ ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿದ್ದಾಯಿತು.

ಮತ್ತೆ ಅಳೆದಾಗ ಅರ್ಥಿಂಗ್ ಕಡೆ 0.15. ಬ್ಯಾಟರಿ ಮಾತ್ರ ಸೆಲ್ಫ್ ಹೊಡೆಯುವಾಗ 11.6ರ ಬದಲು 10.6ಕ್ಕೆ ಇಳಿಯಿತು. ಗಾಬರಿ ಬೇಡ, ಈಗ ಅದು ನಿಜವಾಗಿ ಮೋಟಾರ್ ತಿರುಗಿಸುತ್ತಿದೆ. 9.6ಕ್ಕಿಂತ ಕೆಳಗೆ ಹೋದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಬೇಕು. ಕಾಯಿಲ್ ವೈರ್ ಸಿಕ್ಕಿಸಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಎಂಜಿನ್ ಹತ್ತಿತು. ಹೆಡ್‌ಲೈಟ್ ಹಾಕಿ ರೇಸ್ ಸ್ವಲ್ಪ ಏರಿಸಿದಾಗ ಆಲ್ಟರ್ನೇಟರ್ 14.1 ವೋಲ್ಟ್ ಕೊಡುತ್ತಿತ್ತು. ಚೋಕ್ ಕೇಬಲ್ ತಣ್ಣಗಿತ್ತು.