ಪಾರ್ಟ್ ಬಿಚ್ಚುವ ಮೊದಲು ಅದಕ್ಕೆ ಏನೇನು ತಗುಲಿಕೊಂಡಿದೆ ನೋಡಿ: ಇಂದಿನ ಕಾರುಗಳ ರಿಪೇರಿ ಕೆಲಸ ಕಲಿಸಿದ್ದು

ಹಳೆಯ ಕಾರಿನಲ್ಲಿ ಮುಂಗಾಜು ಎಂದರೆ ಗಾಜು, ಅದನ್ನು ಹಿಡಿದಿಟ್ಟ ಅಂಟು, ಅಷ್ಟೇ. ಈಗಿನ ಕಾರಿನಲ್ಲಿ ಅದೇ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ, ರಸ್ತೆಯ ಗೆರೆಗಳನ್ನು ನೋಡುವ ಕ್ಯಾಮೆರಾ ಇರುತ್ತದೆ. ಪಕ್ಕದಲ್ಲಿ ಮಳೆ ಸೆನ್ಸರ್, ಬೆಳಕಿನ ಸೆನ್ಸರ್, ಕೆಲವು ಮಾಡೆಲ್‌ಗಳಲ್ಲಿ ಗಾಜು ಮಂಜಾಗುವುದನ್ನು ಮೊದಲೇ ತಿಳಿಯುವ ತೇವಾಂಶ ಸೆನ್ಸರ್ ಕೂಡ ಇರುತ್ತವೆ. ವೇಗದ ಅಂಕಿಯನ್ನು ಗಾಜಿನ ಮೇಲೆ ಮೂಡಿಸುವ ಡಿಸ್‌ಪ್ಲೇ ಇದ್ದರೆ ಗಾಜೇ ಬೇರೆ. ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆ ಮೇಲೆ ದಪ್ಪ, ಕೆಳಗೆ ತೆಳು ಇರುತ್ತದೆ. ಅಳತೆ ಸರಿ ಇದೆ ಎಂದು ಸಾಮಾನ್ಯ ಗಾಜು ಕೂರಿಸಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ. ಆ ಕಾರಿಗೆ ಯಾವ ಗಾಜು ಎಂಬುದನ್ನು ಚಾಸಿ ನಂಬರ್ ಕೊಟ್ಟೇ ತರಿಸಬೇಕು. ಹಳೆ ಗಾಜಿನ ಆಕಾರ ನೋಡಿ ತರಿಸಿದರೆ ಸಾಲದು.

ಕ್ಯಾಮೆರಾದ ಲೆಕ್ಕ ಇನ್ನೂ ಕಟ್ಟುನಿಟ್ಟು. ಅದರ ದೃಷ್ಟಿ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೂ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ತಪ್ಪಾಗುತ್ತದೆ. ಪಕ್ಕದ ಲೇನಿನ ಬೈಕು ನಮ್ಮ ಲೇನಿನಲ್ಲೇ ಇದೆ ಎಂದು ಕಾರು ತಿಳಿಯಲು ಇಷ್ಟು ಸಾಕು. ಹೀಗಾಗಿ ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ದೃಷ್ಟಿಯನ್ನು ಮತ್ತೆ ಸರಿಯಾದ ನೇರಕ್ಕೆ ಹೊಂದಿಸುವ ಕೆಲಸ, ಆಗಲೇಬೇಕು. ಕ್ಯಾಮೆರಾವನ್ನು ಹಳೆ ಬ್ರಾಕೆಟ್‌ನಿಂದ ತೆಗೆದು ಹೊಸ ಗಾಜಿಗೆ ಹಾಗೆಯೇ ಸಿಕ್ಕಿಸಿದ್ದೇವೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಗಾಜಿನ ದಪ್ಪ, ಅಂಟಿನ ಎತ್ತರ, ಬ್ರಾಕೆಟ್ ಕೂತ ಕೋನ ಮೂರೂ ಕೂದಲೆಳೆಯಷ್ಟಾದರೂ ಬದಲಾಗಿರುತ್ತವೆ.

ಕ್ಯಾಲಿಬ್ರೇಷನ್‌ಗೆ ಎರಡು ದಾರಿಗಳಿವೆ. ಮೊದಲನೆಯದು ನಿಲ್ಲಿಸಿದ ಕಾರಿನ ಮುಂದೆ ಗುರುತಿನ ಹಲಗೆ ಇಟ್ಟು ಮಾಡುವುದು. ಇದಕ್ಕೆ ನೆಲ ಸಮತಟ್ಟಾಗಿರಬೇಕು. ನಾಲ್ಕೂ ಟೈರ್‌ಗೆ ಹೇಳಿದಷ್ಟು ಗಾಳಿ ಇರಬೇಕು, ಡಿಕ್ಕಿಯಲ್ಲಿ ಸಾಮಾನು ಇರಬಾರದು, ಕಾರಿನೊಳಗೆ ಯಾರೂ ಕೂತಿರಬಾರದು. ಹಲಗೆಯ ದೂರ, ಎತ್ತರಗಳನ್ನು ಆಯಾ ಮಾಡೆಲ್‌ನ ಸರ್ವಿಸ್ ಮಾಹಿತಿಯಂತೆ ಅಳೆದಿಡಬೇಕು. ಹಲಗೆಯ ನಡುವನ್ನು ಬಾನೆಟ್‌ನ ನಡುವಿಗೆ ಹೊಂದಿಸಿದರೆ ಸಾಲದು. ಹಿಂದಿನ ಚಕ್ರಗಳು ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತವೋ ಆ ಗೆರೆಗೆ ಹೊಂದಿಸಬೇಕು. ಚಕ್ರಗಳ ನೇರ ತಪ್ಪಿ ಅಲೈನ್‌ಮೆಂಟ್ ಕೆಟ್ಟ ಕಾರಿಗೆ ಕ್ಯಾಲಿಬ್ರೇಷನ್ ಮಾಡುವುದು ದಂಡ, ಮೊದಲು ಅಲೈನ್‌ಮೆಂಟ್ ಆಗಲಿ. ಎರಡನೆಯದು ಕಾರಿನ ಕಂಪ್ಯೂಟರ್‌ಗಳ ಜೊತೆ ಮಾತಾಡುವ ಸ್ಕ್ಯಾನರ್ ಹಾಕಿಕೊಂಡು ಹೇಳಿದ ವೇಗದಲ್ಲಿ ರಸ್ತೆಯ ಮೇಲೆ ಓಡಿಸುವುದು. ಗೆರೆಗಳು ಅಳಿಸಿದ ರಸ್ತೆ, ಜೋರು ಮಳೆ, ಎದುರು ಬಿಸಿಲು ಇದ್ದರೆ ಇದು ಮುಗಿಯುವುದೇ ಇಲ್ಲ. ಕೆಲವು ಕಾರುಗಳಿಗೆ ಎರಡೂ ಬೇಕು. ಶೆಡ್ಡಿನೊಳಗೆ ಪದೇಪದೇ ಫೇಲ್ ಆಗುತ್ತಿದ್ದರೆ ಹಲಗೆಯ ಹಿಂದಿನ ಕಿಟಕಿಯ ಬೆಳಕು, ನೆಲದ ಹೊಳಪು, ಗೋಡೆಯ ಮೇಲಿನ ಚೌಕುಳಿ ಚಿತ್ರಗಳನ್ನು ಮೊದಲು ನೋಡಿ. ಕ್ಯಾಮೆರಾ ಅವನ್ನೂ ಗುರುತು ಎಂದುಕೊಳ್ಳುತ್ತದೆ.

ಇದರಲ್ಲಿ ಅತಿ ಅಪಾಯದ ಸಂಗತಿಯೊಂದಿದೆ. ಸಣ್ಣ ವ್ಯತ್ಯಾಸಕ್ಕೆ ಡ್ಯಾಶ್‌ಬೋರ್ಡಿನಲ್ಲಿ ದೀಪವೇ ಉರಿಯದಿರಬಹುದು. ಕ್ಯಾಮೆರಾಗೆ ತಾನು ವಾಲಿದ್ದೇನೆ ಎಂದು ಗೊತ್ತಾಗುವುದು ವ್ಯತ್ಯಾಸ ದೊಡ್ಡದಾದಾಗ ಮಾತ್ರ. ದೀಪ ಇಲ್ಲ, ಆದ್ದರಿಂದ ಸರಿಯಿದೆ ಎಂದು ಗಾಡಿ ಕೊಟ್ಟು ಕಳಿಸುವ ವರ್ಕ್‌ಶಾಪ್ ಗಿರಾಕಿಯ ಜೀವದ ಜೊತೆ ಆಟ ಆಡುತ್ತಿದೆ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ಮಳೆ ಸೆನ್ಸರ್ ಕೆಲಸ ಮಾಡುವ ರೀತಿ ಚೆಂದ. ಅದು ನೀರನ್ನು ಮುಟ್ಟುವುದೇ ಇಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಓರೆಯಾಗಿ ಗಾಜಿನೊಳಗೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಪೂರ್ತಿ ಪ್ರತಿಫಲಿಸಿ ವಾಪಸ್ ಬರುತ್ತದೆ. ಹನಿ ಬಿದ್ದ ಕಡೆ ಬೆಳಕು ಹೊರಗೆ ಸೋರಿಹೋಗುತ್ತದೆ. ವಾಪಸ್ ಬಂದ ಬೆಳಕು ಎಷ್ಟು ಕಡಿಮೆಯಾಯಿತೋ ಅಷ್ಟು ಮಳೆ ಎಂದು ಲೆಕ್ಕ. ಗಾಜಿಗೂ ಸೆನ್ಸರ್‌ಗೂ ನಡುವೆ ಪಾರದರ್ಶಕ ಜೆಲ್ ಪ್ಯಾಡ್ ಇರುತ್ತದೆ. ಅದರಲ್ಲಿ ಗಾಳಿಗುಳ್ಳೆ ಉಳಿದರೆ ಒಣ ಗಾಜಿನ ಮೇಲೂ ವೈಪರ್ ಓಡುತ್ತದೆ, ಇಲ್ಲವೇ ಮಳೆ ಸುರಿದರೂ ಸುಮ್ಮನಿರುತ್ತದೆ. ಆಗ ಸೆನ್ಸರ್ ಬದಲಿಸುವ ಅಗತ್ಯವಿಲ್ಲ. ಹಳೆ ಪ್ಯಾಡ್ ಕಿತ್ತು, ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಪ್ಯಾಡನ್ನು ಒಂದು ಅಂಚಿನಿಂದ ಶುರುಮಾಡಿ ಒತ್ತುತ್ತಾ ಕೂರಿಸಿ. ಗುಳ್ಳೆಗಳಿವೆಯೇ ಎಂದು ಹೊರಗಿನಿಂದ ನೋಡಿ. ಗಾಜು ಒರೆಸುವಾಗ, ವಾಶಿಂಗ್ ಮಾಡಿಸುವಾಗ ಆಟೋ ವೈಪರ್ ಆಫ್ ಇರಲಿ.

ಮುಂದಿನ ಬಂಪರ್ ಅಥವಾ ಲೋಗೋ ಹಿಂದೆ ಕೂತು ಮುಂದಿನ ಗಾಡಿಯ ದೂರ ಅಳೆಯುವ ರೇಡಾರ್ ಬಗ್ಗೆ ಪೇಂಟಿಂಗ್ ಮಾಡುವವರು ತಿಳಿದಿರಬೇಕು. ಅದು ಸಾಮಾನ್ಯವಾಗಿ 77 ಗಿಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುತ್ತದೆ, ಅಲೆಯ ಉದ್ದ 4 ಮಿಲಿಮೀಟರಿಗಿಂತ ತುಸು ಕಡಿಮೆ. ದಪ್ಪಗೆ ಪುಟ್ಟಿ ತುಂಬಿದರೆ, ಲೋಹದ ಪುಡಿ ಇರುವ ಬಣ್ಣವನ್ನು ಪದರದ ಮೇಲೆ ಪದರ ಹೊಡೆದರೆ, ಅಲಂಕಾರದ ಸ್ಟಿಕ್ಕರ್ ಅಂಟಿಸಿದರೆ ಆ ಅಲೆ ಅಲ್ಲೇ ನಿಲ್ಲುತ್ತದೆ ಅಥವಾ ಓರೆಯಾಗುತ್ತದೆ. ಹೊರಗಡೆ ಸಿಗುವ ಲೋಗೋ ಮೂಲದ ಹಾಗೇ ಕಾಣಬಹುದು, ರೇಡಾರ್‌ಗೆ ಮಾತ್ರ ಅದು ಗೋಡೆ. ಪಾರ್ಕಿಂಗ್ ಸೆನ್ಸರ್‌ಗಳದ್ದೂ ಇದೇ ಕಥೆ. ಶಬ್ದ ಹೊರಡಿಸಲು ಅದರ ಮುಖ ಕಂಪಿಸಬೇಕು, ಮೇಲೆ ಬಣ್ಣ ದಪ್ಪವಾದರೆ ಕಂಪನ ಸಾಯುತ್ತದೆ.

ಆದರೆ ದಿನನಿತ್ಯ ಅತಿ ಹೆಚ್ಚು ದಾರಿತಪ್ಪಿಸುವುದು ಇವು ಯಾವುವೂ ಅಲ್ಲ, 12 ವೋಲ್ಟ್ ಬ್ಯಾಟರಿ. ಸ್ಕ್ಯಾನ್ ಹಾಕಿದಾಗ ಸ್ಟೀರಿಂಗ್, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ಗೇರ್‌ಬಾಕ್ಸ್, ಏರ್‌ಬ್ಯಾಗ್ ಎಲ್ಲ ಕಡೆ ಒಟ್ಟೊಟ್ಟಿಗೆ ದೋಷದ ಕೋಡ್ ಬಂದರೆ ಯಾವ ಪಾರ್ಟನ್ನೂ ಮುಟ್ಟಬೇಡಿ. ಮೀಟರ್ ಹಿಡಿಯಿರಿ. ಗಾಡಿ ನಿಂತು ಕೆಲವು ಗಂಟೆ ಆದ ಮೇಲೆ ಒಳ್ಳೆ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಆಯಾ ಭಾಗ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್‌ಗಳಾದ ಕಂಟ್ರೋಲ್ ಯೂನಿಟ್‌ಗಳು ಒಂದೊಂದಾಗಿ ಮಾತು ಬಿಡುತ್ತವೆ, ಉಳಿದವು ಅದನ್ನೇ ದೋಷವೆಂದು ಬರೆದುಕೊಳ್ಳುತ್ತವೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿ, ಒಂದು ಸುತ್ತು ಓಡಿಸಿ. ವಾಪಸ್ ಬಂದ ಕೋಡ್ ಮಾತ್ರ ನಿಜವಾದ ಕೆಲಸ.

ಇಲ್ಲಿ ಹಳೆಯ ಅಭ್ಯಾಸವೊಂದನ್ನು ಬಿಡಬೇಕಾಗುತ್ತದೆ. ಎಂಜಿನ್ ಓಡುವಾಗ 14 ವೋಲ್ಟ್ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ, 12.6 ಇದ್ದರೆ ಕೆಟ್ಟಿದೆ ಎಂಬ ಪಾಠ ಈಗ ಎಲ್ಲ ಕಾರಿಗೂ ಹೊಂದುವುದಿಲ್ಲ. ಕಂಪ್ಯೂಟರ್ ಹಿಡಿತದಲ್ಲಿರುವ ಆಲ್ಟರ್ನೇಟರ್ ಆಕ್ಸಿಲರೇಟರ್ ಒತ್ತಿದಾಗ ಬೇಕೆಂದೇ ಚಾರ್ಜಿಂಗ್ ಇಳಿಸಿ ಎಂಜಿನ್ನಿನ ಭಾರ ತಗ್ಗಿಸುತ್ತದೆ. ಕಾಲು ತೆಗೆದು ಗಾಡಿ ನಿಧಾನವಾಗುವಾಗ ಏರಿಸಿ, ಪುಕ್ಕಟೆ ಸಿಗುವ ಓಟದಿಂದ ಬ್ಯಾಟರಿ ತುಂಬುತ್ತದೆ. ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಹಾಕಿ ಲೋಡ್ ಕೊಟ್ಟು, ಸ್ಕ್ಯಾನರ್ ಆ ಕ್ಷಣಕ್ಕೆ ತೋರಿಸುವ ಲೈವ್ ಡೇಟಾದಲ್ಲಿ ಕಂಪ್ಯೂಟರ್ ಎಷ್ಟು ವೋಲ್ಟ್ ಕೇಳುತ್ತಿದೆ, ಎಷ್ಟು ಬರುತ್ತಿದೆ ಎಂದು ಹೋಲಿಸಿ ನೋಡಿದ ಮೇಲೆಯೇ ಆಲ್ಟರ್ನೇಟರ್ ಬಗ್ಗೆ ತೀರ್ಪು ಕೊಡಿ.

ಹಲವು ಕಾರುಗಳ ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಪೆಟ್ಟಿಗೆಯಂಥದೊಂದು ಕೂತಿರುತ್ತದೆ. ಅದು ಬ್ಯಾಟರಿ ಸೆನ್ಸರ್. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನೆಲ್ಲ ಅಳೆದು ಎಷ್ಟು ಚಾರ್ಜ್ ಉಳಿದಿದೆ ಎಂದು ಲೆಕ್ಕ ಇಡುತ್ತದೆ. ಜಂಪ್ ಕೊಡುವಾಗ, ಚಾರ್ಜರ್ ಹಾಕುವಾಗ ಕಪ್ಪು ಕ್ಲಿಪ್ಪನ್ನು ನೇರ ಟರ್ಮಿನಲ್‌ಗೆ ಕಚ್ಚಿಸಿದರೆ ಆ ಕರೆಂಟ್ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಟರಿ ತುಂಬಿದ್ದರೂ ಖಾಲಿ ಎಂದೇ ಕಾರು ನಂಬಿರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಮಾಡುವ ಐಡಲ್ ಸ್ಟಾಪ್ ಕೆಲಸ ಮಾಡುವುದಿಲ್ಲ. ಕಪ್ಪು ಕ್ಲಿಪ್ ಬಾಡಿಯ ಅರ್ತ್ ಜಾಗಕ್ಕೇ ಹೋಗಬೇಕು. ಐಡಲ್ ಸ್ಟಾಪ್ ಇರುವ ಗಾಡಿಗೆ ಪದೇಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಎಜಿಎಂ ಅಥವಾ ಇಎಫ್‌ಬಿ ಜಾತಿಯ ಬ್ಯಾಟರಿ ಬೇಕು. ಸಾದಾ ಬ್ಯಾಟರಿ ಹಾಕಿದರೆ ಬೇಗ ಸಾಯುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ನೋಂದಾಯಿಸಲೂಬೇಕು. ಇಲ್ಲದಿದ್ದರೆ ಹಳೆ, ದಣಿದ ಬ್ಯಾಟರಿಗೆ ಕೊಡುತ್ತಿದ್ದ ಚಾರ್ಜಿಂಗನ್ನೇ ಹೊಸದಕ್ಕೂ ಕೊಡುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಪವರ್ ವಿಂಡೋಗಳ ನೆನಪು ಅಳಿಸಿರಬಹುದು. ಗಾಜು ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಎತ್ತಿ ಹಿಡಿಯುವುದು ಬಹುತೇಕ ಕಾರುಗಳ ಕ್ರಮ. ಇದನ್ನು ಬಿಟ್ಟರೆ ಬೆರಳು ಸಿಕ್ಕಾಗ ಗಾಜು ತಾನೇ ಇಳಿಯುವ ರಕ್ಷಣೆ ಇಲ್ಲದೆ ಗಾಡಿ ಮನೆಗೆ ಹೋಗುತ್ತದೆ. ಮಕ್ಕಳಿರುವ ಮನೆಗೂ.

ರಾತ್ರೋರಾತ್ರಿ ಬ್ಯಾಟರಿ ಇಳಿಯುವ ದೂರಿಗೆ ತಾಳ್ಮೆ ಬೇಕು. ಲಾಕ್ ಮಾಡಿದ ತಕ್ಷಣ ಕಾರು ಮಲಗುವುದಿಲ್ಲ. ಒಳಗಿನ ಯೂನಿಟ್‌ಗಳು ಒಂದೊಂದಾಗಿ ನಿದ್ದೆಗೆ ಜಾರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಬಾನೆಟ್ ತೆರೆದಿಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತನ್ನಿ. ಗಾಡಿ ಲಾಕ್ ಮಾಡಿ, ಕೀಯನ್ನು ದೂರ ಇಟ್ಟು ಕಾಯಿರಿ. ಮಲಗಿದ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪ್‌ಗಿಂತ ಕಡಿಮೆ ಎಳೆಯಬೇಕು. ಹೆಚ್ಚು ಎಳೆಯುತ್ತಿದ್ದರೆ ಫ್ಯೂಸ್‌ಗಳನ್ನು ಕಿತ್ತು ನೋಡಬೇಡಿ. ಫ್ಯೂಸ್ ವಾಪಸ್ ಹಾಕಿದ ಕೂಡಲೇ ಆ ಯೂನಿಟ್ ಎದ್ದು ಕೂರುತ್ತದೆ, ಪರೀಕ್ಷೆ ಮೊದಲಿನಿಂದ ಶುರು. ಫ್ಯೂಸ್‌ನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಇದ್ದರೆ ಆ ಸಾಲಿನಲ್ಲಿ ಕರೆಂಟ್ ಹರಿಯುತ್ತಿಲ್ಲ. ಸ್ಕ್ಯಾನರ್ ಹಾಕುವ ಡಯಾಗ್ನೋಸ್ಟಿಕ್ ಸಾಕೆಟ್‌ನಲ್ಲಿ ಗಿರಾಕಿ ಸಿಕ್ಕಿಸಿಟ್ಟ ಟ್ರ್ಯಾಕರ್ ಅಥವಾ ಬ್ಲೂಟೂತ್ ಡಾಂಗಲ್ ಕಾರನ್ನು ಮಲಗಲು ಬಿಡದಿರಬಹುದು, ಅದನ್ನು ಎಲ್ಲಕ್ಕಿಂತ ಮೊದಲು ಕಳಚಿ ನೋಡಿ.

ಹಿಂದಿನ ಬ್ರೇಕ್ ಪ್ಯಾಡ್ ಕೆಲಸಕ್ಕೆ ಬಂದರೆ, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಗಾಡಿಯಲ್ಲಿ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಮೇಲೆ ಸಣ್ಣ ಮೋಟಾರ್ ಇರುತ್ತದೆ. ಮೊದಲು ಸ್ಕ್ಯಾನರ್‌ನಿಂದ, ಕೆಲವು ಮಾಡೆಲ್‌ಗಳಲ್ಲಿ ಸ್ವಿಚ್ ಮತ್ತು ಪೆಡಲ್ ಕ್ರಮದಿಂದ, ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರ್ ಹಿಂದಕ್ಕೆ ಸರಿಯುವುದನ್ನು ಕಿವಿಯಾರೆ ಕೇಳಿ. ಆಮೇಲೆ ಪಿಸ್ಟನ್ ಒತ್ತಿ. ಸಿ ಕ್ಲಾಂಪ್ ಹಾಕಿ ಬಲವಂತವಾಗಿ ಒತ್ತಿದರೆ ಒಳಗಿನ ಸ್ಕ್ರೂ, ಗೇರ್‌ಗಳು ಮುರಿಯುತ್ತವೆ. ಅಲ್ಲಿಗೆ ಪ್ಯಾಡಿನ ಕೆಲಸ ಹೋಗಿ ಕ್ಯಾಲಿಪರ್‌ನ ಕೆಲಸವಾಯಿತು. ಅದೇ ಸ್ವಿಚ್ಚಿನ ಇನ್ನೊಂದು ಗುಣ ಮಾಲೀಕರಿಗೂ ತಿಳಿದಿರುವುದಿಲ್ಲ. ಬಹುತೇಕ ಕಾರುಗಳಲ್ಲಿ ಓಡುವಾಗ ಅದನ್ನು ಎಳೆದು ಹಿಡಿದರೆ ತುರ್ತು ಬ್ರೇಕ್ ಬೀಳುತ್ತದೆ, ಕೈ ಬಿಟ್ಟರೆ ಆ ಬ್ರೇಕ್ ಸಡಿಲವಾಗುತ್ತದೆ. ಪೆಡಲ್ ಕೈಕೊಟ್ಟ ಹೊತ್ತಿಗೆ ಇದು ಜೀವ ಉಳಿಸುವ ವಿಷಯ, ಗಾಡಿ ಕೊಡುವಾಗ ಹೇಳಿ.

ಟೈರ್ ಒತ್ತಡದ ದೀಪದಲ್ಲಿ ಎರಡು ಬಗೆ. ವಾಲ್ವ್ ಜೊತೆ ಸೆನ್ಸರ್ ಇರುವುದು ಒಂದು. ಅದರೊಳಗಿನ ಬ್ಯಾಟರಿ ಬದಲಿಸಲು ಬರುವುದಿಲ್ಲ, ಟೈರ್ ಬಿಚ್ಚುವ ಕಬ್ಬಿಣ ತಾಗಿದರೆ ಒಡೆಯುತ್ತದೆ. ಅಲ್ಯೂಮಿನಿಯಂ ವಾಲ್ವ್‌ಗೆ ಒಳಗಿನ ಗಾಳಿ ತಡೆಯುವ ಪಿನ್, ಅಂದರೆ ಕೋರ್, ಸಾದಾ ಹಿತ್ತಾಳೆಯದು ಹಾಕಿದರೆ ಎರಡೂ ಲೋಹ ಕಚ್ಚಿಕೊಂಡು ತುಕ್ಕು ಹಿಡಿಯುತ್ತವೆ, ನಿಕ್ಕಲ್ ಲೇಪನದ ಕೋರೇ ಬೇಕು. ಇನ್ನೊಂದರಲ್ಲಿ ಸೆನ್ಸರೇ ಇಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ಕಿರಿದಾಗಿ ಉಳಿದವಕ್ಕಿಂತ ತುಸು ವೇಗವಾಗಿ ತಿರುಗುವುದನ್ನು ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್‌ಗಳಿಂದಲೇ ಲೆಕ್ಕಹಾಕುತ್ತದೆ. ಗಾಳಿ ಹೊಡೆಸಿದ ಮೇಲೆ ರೀಸೆಟ್ ಮಾಡದಿದ್ದರೆ ಇದು ತಪ್ಪು ಅಳತೆಯನ್ನೇ ಸರಿ ಎಂದು ಹಿಡಿದಿರುತ್ತದೆ. ನಾಲ್ಕೂ ಟೈರ್‌ನಲ್ಲಿ ಒಂದೇ ಸಮನೆ ಗಾಳಿ ಇಳಿದರೆ ಇದಕ್ಕೆ ಗೊತ್ತಾಗದೇ ಹೋಗಬಹುದು.

ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನೂ ಅತಿಯಾಗಿ ನಂಬಬೇಡಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಅನೇಕ ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೂ ನಟ್ಟನಡುವೆಯೇ ನಿಂತಿರುತ್ತದೆ. ಮಾಲೀಕರು ಸುಮ್ಮನೆ ಗಾಬರಿಯಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ಫ್ಯಾನ್ ಅಥವಾ ಥರ್ಮೋಸ್ಟಾಟ್ ಸಂಶಯ ಬಂದರೆ ಲೈವ್ ಡೇಟಾದ ಡಿಗ್ರಿಯನ್ನೇ ಓದಿ. ಆಯಿಲ್ ಎಷ್ಟು ಆಯುಷ್ಯ ಉಳಿದಿದೆ ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುವುದು ಹೆಚ್ಚಿನ ಕಾರುಗಳಲ್ಲಿ ಆಯಿಲನ್ನು ಪರೀಕ್ಷಿಸಿ ಹೇಳುವುದಲ್ಲ, ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು, ಎಷ್ಟು ಸಲ ತಣ್ಣಗೆ ಸ್ಟಾರ್ಟ್ ಆಯಿತು ಎಂಬುದರ ಲೆಕ್ಕ. ಆಯಿಲ್ ಬದಲಿಸದೆ ರೀಸೆಟ್ ಒತ್ತಿದರೂ ಅದು ನೂರಕ್ಕೆ ನೂರು ತೋರಿಸುತ್ತದೆ. ಡಿಪ್‌ಸ್ಟಿಕ್ ಇದ್ದರೆ ಎಳೆದು ನೋಡುವುದನ್ನು ಬಿಡಬಾರದು.

ಸ್ಮಾರ್ಟ್ ಕೀ ಸೆಲ್ ಸತ್ತಾಗ ಗಾಡಿ ಎಳೆಸಿಕೊಂಡು ಬರುವವರಿದ್ದಾರೆ, ಅದರ ಅಗತ್ಯವೇ ಇಲ್ಲ. ಕೀ ಒಳಗೆ ಲೋಹದ ಅಲಗು ಅಡಗಿರುತ್ತದೆ, ಬಾಗಿಲು ಅದರಿಂದ ತೆರೆಯುತ್ತದೆ. ಬಾಗಿಲ ಹಿಡಿಕೆಯ ಮುಚ್ಚಳದಡಿಯಲ್ಲಿ ಕೀ ತೂತು ಬಚ್ಚಿಟ್ಟಿರಲೂಬಹುದು. ಆಮೇಲೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಅಥವಾ ಮಾಡೆಲ್‌ಗೆ ಹೇಳಿದ ಜಾಗದಲ್ಲಿಟ್ಟು ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಕೀಯಲ್ಲಿರುವ ಚಿಪ್‌ಗೆ ಸ್ವಂತ ಬ್ಯಾಟರಿ ಬೇಡ, ಕಾರಿನ ಆಂಟೆನಾ ಕೊಡುವ ಶಕ್ತಿಯಿಂದಲೇ ಅದು ಉತ್ತರಿಸುತ್ತದೆ.

ಎಲೆಕ್ಟ್ರಿಕ್ ಕಾರಿಗೂ 12 ವೋಲ್ಟ್ ಬ್ಯಾಟರಿ ಉಂಟು. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ, ಏಕೆಂದರೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್‌ಗಳನ್ನು ಎಳೆಯುವುದೇ ಆ ಚಿಕ್ಕದು. ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ತರಬೇತಿ ಇಲ್ಲದವರು ಮುಟ್ಟಲೇಬಾರದು. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಳಚಿದ ಮೇಲೂ ಕಂಪನಿ ಹೇಳಿದಷ್ಟು ನಿಮಿಷ ಕಾದು, ವೋಲ್ಟೇಜ್ ಇಲ್ಲ ಎಂದು ಸರಿಯಾದ ಮೀಟರ್‌ನಲ್ಲಿ ಅಳೆದ ಮೇಲೆಯೇ ಕೈ ಹಾಕಬೇಕು.

ಗಾಡಿ ಬಂದಾಗ ಒಂದು ಸ್ಕ್ಯಾನ್, ಹೋಗುವಾಗ ಒಂದು ಸ್ಕ್ಯಾನ್, ಎರಡನ್ನೂ ಬಿಲ್ಲಿಗೆ ಲಗತ್ತಿಸಿ. ಮೊದಲೇ ಇದ್ದ ದೋಷ ಯಾವುದು, ಕೆಲಸದ ನಡುವೆ ಬಂದದ್ದು ಯಾವುದು ಎಂಬ ಜಗಳ ಅಲ್ಲಿಗೇ ನಿಲ್ಲುತ್ತದೆ. ಕ್ಯಾಮೆರಾ ಅಥವಾ ರೇಡಾರ್ ಕ್ಯಾಲಿಬ್ರೇಷನ್ ಆಗಿದ್ದರೆ ಅದರ ವರದಿಯೂ ಜೊತೆಗಿರಲಿ. ಅಲೈನ್‌ಮೆಂಟ್ ಮಾಡಿದ್ದರೆ ಸ್ಟೀರಿಂಗ್ ಕೋನದ ಸೆನ್ಸರ್ ಸೊನ್ನೆಗೆ ಬಂದಿದೆಯೇ ಎಂದು ನೋಡಿದ್ದನ್ನೂ ಆ ಹಾಳೆಯಲ್ಲೇ ಬರೆದಿಡಿ.