ನಗು ಅರ್ಥದ ಮೇಲೇ ಬರಬೇಕು: ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪದಗಳಿಗೆ ಚಿತ್ರ ಬರೆಸುವ ಕ್ರಮ

ಪಿಯುಸಿ ಓದುತ್ತಾ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಗೋ ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೋ ತಯಾರಾಗುವ ಮಕ್ಕಳ ಕೈಗೆ ಇಂಗ್ಲಿಷ್ ಪದಪಟ್ಟಿ ಕೊಟ್ಟು ‘ಉರು ಹೊಡೀರಿ’ ಅಂದರೆ ಸೋಮವಾರ ಬಾಯಿಗೆ ಬಂದ ಪದ ಗುರುವಾರಕ್ಕೆ ಹಾರಿಹೋಗಿರುತ್ತದೆ. ಅದಕ್ಕೆ ಬದಲಾಗಿ ನಾವು ಚಿತ್ರ ಬರೆಸುತ್ತೇವೆ. ಇಂಗ್ಲಿಷ್ ಪದದ ಸದ್ದಿಗೆ ಹತ್ತಿರದ ಕನ್ನಡ ಮಾತೊಂದನ್ನು ಹುಡುಕಿ, ಆ ಮಾತನ್ನೂ ಪದದ ಅರ್ಥವನ್ನೂ ಒಂದೇ ನಗೆಚಿತ್ರದಲ್ಲಿ ಗಂಟು ಹಾಕುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಆಟ್ಕಿನ್ಸನ್ ಮತ್ತು ಸಂಗಡಿಗರು ರಷ್ಯನ್ ಪದಗಳನ್ನು ಕಲಿಸಿ ನೋಡಿ 1975ರಲ್ಲಿ ಪ್ರಕಟಿಸಿದ ಕೀವರ್ಡ್ ವಿಧಾನದ ತಿರುಳೂ ಇದೇ. ಸದ್ದಿಗೆ ಹೊಂದುವ ಆ ಕನ್ನಡ ಮಾತೇ ಇಲ್ಲಿ ಕೀವರ್ಡ್.

ಕನ್ನಡ ಬಲ್ಲ ಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ‘ಕ್ಯಾಂಡಿಡ್’ ಅಂದರೆ ಕಂಡಿದ್ದನ್ನು ಕಂಡ ಹಾಗೆ ಹೇಳುವವನು. ಸದ್ದು, ಅರ್ಥ ಎರಡೂ ‘ಕಂಡಿದ್ದು’ ಎಂಬ ಮಾತಿನಲ್ಲೇ ಸಿಕ್ಕಿಬಿಡುತ್ತವೆ. ‘ಬೆಲಿಜರೆಂಟ್’ಗೆ ಬೇಲಿ: ಬೇಲಿ ಹಾರಿ, ಕಾಲು ಕೆರೆದುಕೊಂಡು ಜಗಳಕ್ಕೆ ಬಂದವನು. ‘ಇಲೂಸಿವ್’ಗೆ ಇಲಿ: ಎಷ್ಟು ಬೋನಿಟ್ಟರೂ ನುಣುಚಿಕೊಳ್ಳುವುದು. ‘ಮಿಟಿಗೇಟ್’ಗೆ ಮಿತಿ ಬರೆದ ಗೇಟು: ಅಣೆಕಟ್ಟಿನಿಂದ ಉಕ್ಕಿ ಬರುವ ನೀರು ಅದನ್ನು ದಾಟುವಾಗ ಸಣ್ಣ ಕಾಲುವೆಯಾಗುತ್ತದೆ, ಅಂದರೆ ತೀವ್ರತೆ ತಗ್ಗುತ್ತದೆ.

ನಗೆಚಿತ್ರ ಕೈಕೊಡುವುದು ಎಲ್ಲಿ ಅನ್ನುವುದಕ್ಕೆ ‘ಹ್ಯಾಗಲ್’ ಒಳ್ಳೆಯ ಉದಾಹರಣೆ. ಅರ್ಥ ಚೌಕಾಸಿ, ಕೀವರ್ಡ್ ಹಾಗಲಕಾಯಿ. ಸಾಮಾನ್ಯವಾಗಿ ಮಕ್ಕಳು ಮೊದಲು ಬರೆಯುವುದು ತಳ್ಳುಗಾಡಿಯ ತುಂಬ ಹಾಗಲಕಾಯಿ, ಪಕ್ಕದಲ್ಲಿ ಆನೆಕಿವಿಯ ವ್ಯಾಪಾರಿ. ನಗು ಬರುತ್ತದೆ, ನಿಜ. ಆದರೆ ವಾರದ ನಂತರ ಕೇಳಿದರೆ ಕಿವಿ ನೆನಪಿರುತ್ತದೆ, ಚೌಕಾಸಿ ಇರುವುದಿಲ್ಲ. ಅದೇ ಚಿತ್ರವನ್ನು ತಿದ್ದಿಸಿ: ಒಂದೇ ಹಾಗಲಕಾಯಿ, ಒಂದು ತುದಿ ಗಿರಾಕಿಯ ಕೈಯಲ್ಲಿ, ಇನ್ನೊಂದು ವ್ಯಾಪಾರಿಯ ಕೈಯಲ್ಲಿ, ಇಬ್ಬರೂ ಹಗ್ಗಜಗ್ಗಾಟ ಆಡುತ್ತಿದ್ದಾರೆ, ಮೇಲೆ 40 ಹೊಡೆದು ಹಾಕಿ 30, ಅದನ್ನೂ ಹೊಡೆದು 22. ಈಗ ನಗು ಹುಟ್ಟುವುದೇ ಚೌಕಾಸಿಯಿಂದ. ಕೀವರ್ಡೂ ಅರ್ಥವೂ ಅಕ್ಕಪಕ್ಕ ಸುಮ್ಮನೆ ನಿಂತಿರಬಾರದು, ಒಂದರ ಮೇಲೊಂದು ಏನಾದರೂ ಮಾಡುತ್ತಿರಬೇಕು. ಚಿತ್ರವನ್ನು ಒಪ್ಪುವ ಮುಂಚೆ ಒಂದು ಪರೀಕ್ಷೆ: ಪದ ಗೊತ್ತಿಲ್ಲದ ಗೆಳೆಯನಿಗೆ ತೋರಿಸಿ ‘ಇಲ್ಲಿ ಏನು ನಡೀತಿದೆ?’ ಅಂತ ಕೇಳಿ. ಅವನ ಉತ್ತರದಲ್ಲಿ ಅರ್ಥ ಬರದಿದ್ದರೆ ಚಿತ್ರ ಬದಲಿಸಿ.

ಇನ್ನೊಂದು ಅಪಾಯ ಕೀವರ್ಡಿನದ್ದೇ. ‘ಗಲಿಬಲ್’ ಅಂದ ತಕ್ಷಣ ಎಲ್ಲರಿಗೂ ‘ಗಲಿಬಿಲಿ’ ಹೊಳೆಯುತ್ತದೆ. ಸದ್ದು ಚೆನ್ನಾಗಿ ಕೂಡುತ್ತದೆ, ಅದಕ್ಕೇ ಮೋಸ. ಪದದ ನಿಜವಾದ ಅರ್ಥ ಯಾರು ಏನು ಹೇಳಿದರೂ ನಂಬಿಬಿಡುವ ಸ್ವಭಾವ. ಮಕ್ಕಳು ಆಯ್ಕೆಗಳಲ್ಲಿ ‘ಕನ್‌ಫ್ಯೂಸ್ಡ್’ ಕಂಡರೆ ಅದಕ್ಕೇ ಟಿಕ್ ಹಾಕುತ್ತಾರೆ. ಕೀವರ್ಡಿಗೆ ತನ್ನದೇ ಆದ ಗಟ್ಟಿ ಭಾವವಿದ್ದು, ಅದು ಪದದ ಅರ್ಥದಿಂದ ಸ್ವಲ್ಪವೇ ದೂರವಿದ್ದರೆ ಅದನ್ನು ಬಿಟ್ಟುಬಿಡಿ. ಇಲಿ, ಬೇಲಿ, ಹಾಗಲಕಾಯಿಯಂಥ ವಸ್ತುಗಳಾದರೆ ಈ ತೊಂದರೆ ಕಡಿಮೆ.

ಕಾರ್ಡಿನ ವಿಷಯ. ಎ4 ಡ್ರಾಯಿಂಗ್ ಶೀಟನ್ನು ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಕಾರ್ಡು, ಒಂದೊಂದೂ ಸುಮಾರು 10.5 × 7.4 ಸೆಂ.ಮೀ. ಮುಂದೆ ಇಂಗ್ಲಿಷ್ ಪದ ಮಾತ್ರ. ಹಿಂದೆ ಚಿತ್ರ, ಕೀವರ್ಡ್, ಅರ್ಥ, ಒಂದು ಇಂಗ್ಲಿಷ್ ವಾಕ್ಯ. ಪದವನ್ನೂ ಚಿತ್ರವನ್ನೂ ಒಂದೇ ಮುಖದಲ್ಲಿ ಹಾಕಿದರೆ ಮಕ್ಕಳು ಚಿತ್ರ ನೋಡಿ ಉತ್ತರ ಹೇಳುತ್ತಾರೆ. ಪರೀಕ್ಷೆಯಲ್ಲಿ ಚಿತ್ರ ಇರುವುದಿಲ್ಲವಲ್ಲ. ಕಡ್ಡಿಮನುಷ್ಯರು ಸಾಕು. ಕಪ್ಪು ಸ್ಕೆಚ್ ಪೆನ್, ಒಂದು ಚಿತ್ರಕ್ಕೆ ಮೂರು ನಿಮಿಷ, ಹೆಚ್ಚೆಂದರೆ ಇಬ್ಬರು ಪಾತ್ರಧಾರಿಗಳು. ಬಣ್ಣ ಅಂಚಿಗೆ ಮಾತ್ರ: ಹೊಗಳುವ ಪದಕ್ಕೆ ಹಸಿರು, ತೆಗಳುವುದಕ್ಕೆ ಕೆಂಪು. ವಿರುದ್ಧಪದ ಕೇಳಿದಾಗ ಅರ್ಥ ಪೂರ್ತಿ ನೆನಪಾಗದಿದ್ದರೂ ಅಂಚಿನ ಬಣ್ಣ ನೆನಪಾದರೆ ಎರಡು ಆಯ್ಕೆಯನ್ನಾದರೂ ತೆಗೆದುಹಾಕಬಹುದು.

ಎಲ್ಲ ಪದಕ್ಕೂ ಚಿತ್ರ ಬೇಡ. ದಿನಕ್ಕೆ ಹತ್ತು ಹೊಸ ಪದ ಇಟ್ಟುಕೊಂಡರೆ ನಾಲ್ಕೈದಕ್ಕೆ ಸಾಕು. ‘ಬೆನೆಫಿಟ್’ ಗೊತ್ತಿರುವವರಿಗೆ ‘ಬೆನೆಫ್ಯಾಕ್ಟರ್’, ‘ಬೆನೆವಲೆಂಟ್’ ಬೇರಿನಿಂದಲೇ ಸಿಗುತ್ತವೆ. ಅಲ್ಲಿ ಬೆಣ್ಣೆ ಹಂಚುವ ಅಜ್ಜಿಯನ್ನು ಬರೆಸುವುದು ದಂಡ. ಎಲ್ಲ ಕಾರ್ಡೂ ವಿಚಿತ್ರವಾದರೆ ಯಾವುದೂ ಎದ್ದು ಕಾಣುವುದಿಲ್ಲ ಅನ್ನುವುದೂ ಒಂದು ಕಾರಣ.

ಉಚ್ಚಾರಣೆಯನ್ನು ಮೊದಲೇ ಕೂರಿಸಿ. ‘ಹ್ಯಾಗಲ್’ ಅಂತ ಐದಾರು ಸಲ ಸರಿಯಾಗಿ ಹೇಳಿಸಿದ ಮೇಲೆಯೇ ಹಾಗಲಕಾಯಿಯನ್ನು ಒಳಗೆ ಬಿಡಬೇಕು, ಇಲ್ಲದಿದ್ದರೆ ಕೀವರ್ಡೇ ಉಚ್ಚಾರಣೆಯಾಗಿಬಿಡುತ್ತದೆ.

ಪುನರಾವರ್ತನೆಗೆ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯ ಕ್ರಮ ಚೆನ್ನಾಗಿ ಹೊಂದುತ್ತದೆ. ಚಪ್ಪಲಿ ಡಬ್ಬಿಯಲ್ಲಿ ನಾಲ್ಕು ಖಾನೆ: ದಿನವೂ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ. ಮೂರನೇ ಖಾನೆಗೆ ಬಂದ ಮೇಲೆ ಉತ್ತರ ನೋಡುವಾಗ ಚಿತ್ರವನ್ನು ಹೆಬ್ಬೆರಳಿಂದ ಮುಚ್ಚಿಕೊಳ್ಳಬೇಕು. ಪದ, ಕೀವರ್ಡ್, ಚಿತ್ರ, ಅರ್ಥ ಅಂತ ಸುತ್ತಿ ಬಂದರೆ ಓದುವ ವೇಗ ಬೀಳುತ್ತದೆ. ಪದದಿಂದ ನೇರ ಅರ್ಥಕ್ಕೆ ಹೋಗುವ ಅಭ್ಯಾಸ ಇಲ್ಲಿಂದಲೇ ಶುರುವಾಗಬೇಕು.

ಕ್ಲ್ಯಾಟ್ ಬರೆಯುವವರಿಗೆ ಇದು ಇನ್ನೂ ಮುಖ್ಯ. 2020ರಿಂದ ಅಲ್ಲಿ ಪ್ರಶ್ನೆಗಳು ಸುಮಾರು 450 ಪದಗಳ ಗದ್ಯಭಾಗಗಳ ಮೇಲೆ ಬರುತ್ತವೆ, ಪದದ ಅರ್ಥವನ್ನೂ ಆ ಸಂದರ್ಭದಲ್ಲೇ ಕೇಳುತ್ತಾರೆ. ತಪ್ಪಿಗೆ 0.25 ಅಂಕ ಕಳೆಯುತ್ತಾರೆ. ಸಿಯುಇಟಿಯಲ್ಲಿ ಸರಿಗೆ 5, ತಪ್ಪಿಗೆ 1 ಕಳೆತ. ಕಾರ್ಡಿನ ಹಿಂದಿನ ವಾಕ್ಯ ಅಲಂಕಾರಕ್ಕಲ್ಲ. ಚಿತ್ರ ನೆನಪಿದ್ದೂ ವಾಕ್ಯ ಬಾರದ ಕಾರ್ಡನ್ನು ನಾವು ಮುಂದಿನ ಖಾನೆಗೆ ಬಿಡುವುದಿಲ್ಲ.

ನಗೆಯ ವಿಷಯದಲ್ಲಿ ನಮ್ಮದು ಗಟ್ಟಿ ನಿಯಮ: ಸಹಪಾಠಿಯ ಮೈಬಣ್ಣ, ದಪ್ಪ, ಜಾತಿ, ಊರಿನ ಮಾತು ಯಾವುದೂ ಚಿತ್ರಕ್ಕೆ ಬರಬಾರದು. ನೋವಾದ ಮಗು ಆ ಪದವನ್ನು ಮರೆಯಲಿಕ್ಕಿಲ್ಲ, ಆದರೆ ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತದೆ.

ಪರೀಕ್ಷೆಗೆ ಮೂರು ವಾರ ಇರುವಾಗ ಹೊಸ ಚಿತ್ರ ಬರೆಸುವುದು ನಿಲ್ಲಿಸಿ. ಡಬ್ಬಿಯ ಮೊದಲ ಎರಡು ಖಾನೆ ಖಾಲಿ ಮಾಡುವುದು, ದಿನಕ್ಕೆರಡು ಗದ್ಯಭಾಗ ಓದಿಸುವುದು, ಅಲ್ಲಿ ಸಿಕ್ಕ ಹಳೆಯ ಕಾರ್ಡಿನ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಸುವುದು, ಅಷ್ಟೇ ಕೆಲಸ.