ಸರ್ವರ್ ಮುಂಬೈನಲ್ಲಿದ್ದರೆ ಸಾಕಾ?

ನನ್ನದು ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಸಣ್ಣ ಟ್ಯಾಕ್ಸ್ ಆಫೀಸು. ಮೆಕ್ಕೆಜೋಳದ ದಲ್ಲಾಳಿಗಳು, ಮಂಡಕ್ಕಿ ಭಟ್ಟಿಯವರು, ಒಂದೆರಡು ಬಟ್ಟೆ ಅಂಗಡಿ ಇವರೇ ನಮ್ಮ ಪಾರ್ಟಿಗಳು. ಅವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ಯಾರಿಗೆ ಯಾರು ಎಷ್ಟು ಬಾಕಿ ಎಲ್ಲವೂ ನನ್ನ ಹತ್ತಿರ ಇರುತ್ತವೆ. ಅವುಗಳ ಬ್ಯಾಕಪ್ಪು ಒಂದು ಅಮೆರಿಕನ್ ಕಂಪನಿಯ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಅವರ ಸರ್ವರಿಗೆ, ಹೋಗುತ್ತದೆ.

ಅದನ್ನು ಮಾರಲು ಬಂದಿದ್ದ ಹುಡುಗ ಹೇಳಿದ್ದು ಒಂದೇ ಮಾತು. "ಡೇಟಾ ಮುಂಬೈ ಬಿಟ್ಟು ಹೊರಗೆ ಹೋಗಲ್ಲ ಮೇಡಂ." ಕಂಪನಿ ಯಾವ ದೇಶದ್ದಪ್ಪಾ ಅಂದೆ. ನಕ್ಕು ಬ್ರೋಷರ್ ಕೊಟ್ಟ.

ನಾನು ಕೇಳಿದ್ದಕ್ಕೆ ಕಾರಣ ಇದೆ. 2013ರಲ್ಲಿ ಡ್ರಗ್ಸ್ ಕೇಸೊಂದರ ತನಿಖೆಗೆ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟಿತು. ಬೇಕಾಗಿದ್ದ ಇಮೇಲ್‌ಗಳು ಐರ್ಲೆಂಡಿನ ಡಬ್ಲಿನ್‌ನ ಸರ್ವರಿನಲ್ಲಿದ್ದವು. ಕಂಪನಿ ಕೊಡಲಿಲ್ಲ, ಕೋರ್ಟಿಗೆ ಹೋಯಿತು, 2016ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ, ದೊಡ್ಡ ಖರ್ಚುವೆಚ್ಚದ ಮಸೂದೆಯೊಳಗೆ ಕ್ಲೌಡ್ ಆಕ್ಟ್ ಸೇರಿಸಿ ಪಾಸು ಮಾಡಿಬಿಟ್ಟರು. ಮಾಹಿತಿ ಯಾವ ದೇಶದಲ್ಲಿದ್ದರೂ ಸರಿ, ಕಂಪನಿಯ ಹಿಡಿತದಲ್ಲಿದ್ದರೆ ಕೊಡಬೇಕು ಅಂತ ಆ ಕಾನೂನು ಹೇಳುತ್ತದೆ. ಕೇಸು ಅಲ್ಲಿಗೇ ಮುಗಿಯಿತು.

ಸುಮ್ನೆ ಯಾರ ಕಡತ ಬೇಕಾದರೂ ತೆಗೆಯುತ್ತಾರೆ ಅಂತಲ್ಲ. ವಾರಂಟ್ ಬೇಕು, ಜಡ್ಜ್ ಸಹಿ ಬೇಕು. ಆದರೆ ಆ ಜಡ್ಜ್ ಅವರ ದೇಶದವರು. ಭಾರತಕ್ಕೂ ಅಮೆರಿಕಕ್ಕೂ ಇಂಥ ಕೇಸುಗಳಿಗೆಂದೇ 2001ರಲ್ಲಿ ಸಹಿ ಹಾಕಿದ ಒಪ್ಪಂದ ಇದೆ. ಆ ದಾರಿಯಲ್ಲಿ ಬಂದರೆ ದೆಹಲಿಯ ಗೃಹ ಇಲಾಖೆಗೆ ಗೊತ್ತಾಗುತ್ತದೆ. ನಿಧಾನ, ನಿಜ. ನಿಧಾನ ಆದರೂ ನಮ್ಮವರೊಬ್ಬರು ಕಾಗದ ಓದುತ್ತಾರೆ ಅಲ್ವಾ.

ಇದನ್ನೆಲ್ಲ ಹೇಳಿದರೆ ನಮ್ಮ ದಲ್ಲಾಳಿ ಸಾಹುಕಾರರೊಬ್ಬರು, "ಅಮೆರಿಕದೋರಿಗೆ ನನ್ ಜೋಳದ ಲೆಕ್ಕ ಕಟ್ಕೊಂಡು ಏನಾಗ್ಬೇಕ್ರೀ ಅಕ್ಕಾರೆ?" ಅಂದರು. ಒಳ್ಳೆ ಪ್ರಶ್ನೆ. ಏನೂ ಆಗಬೇಕಿಲ್ಲ. ಆದರೆ ಇಣುಕಿ ನೋಡುವುದೊಂದೇ ಅಲ್ಲ, ನಿಲ್ಲಿಸುವುದೂ ಇದೆ. 2025ರ ಜುಲೈನಲ್ಲಿ ಯುರೋಪಿಯನ್ ಯೂನಿಯನ್, ರಷ್ಯಾದ ರಾಸ್‌ನೆಫ್ಟ್ ಪಾಲಿದೆ ಅಂತ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹಾಕಿತು. ಗುಜರಾತಿನ ವಾಡಿನಾರ್ ರಿಫೈನರಿ ಅವರದೇ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅವರ ಇಮೇಲ್ ಮುಂತಾದ ಸೇವೆ ನಿಲ್ಲಿಸಿತು. ದುಡ್ಡು ಕಟ್ಟಿದ ಗಿರಾಕಿ, ಭಾರತದ ಕಾನೂನು ಮುರಿದಿಲ್ಲ. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ವಾಪಸ್ ಬಂತು. ದೊಡ್ಡ ಕಂಪನಿ, ಲಾಯರ್ ಇಟ್ಟುಕೊಂಡರು. ರಿಟರ್ನ್ ಕಟ್ಟುವ ಕೊನೇ ದಿನ ನಮಗೆ ಹಿಂಗಾದರೆ?

ನಮ್ಮ ಕಾನೂನು ಏನು ಹೇಳುತ್ತದೆ ಅಂತ ನೋಡಿದೆ. ಯುರೋಪಿನ ಡೇಟಾ ರಕ್ಷಣೆ ಕಾನೂನಾದ ಜಿಡಿಪಿಆರ್‌ನ 48ನೇ ವಿಧಿ ಸ್ಪಷ್ಟವಾಗಿದೆ. ಹೊರದೇಶದ ಕೋರ್ಟ್ ಡೇಟಾ ಕೇಳಿದರೆ, ಒಪ್ಪಂದದ ಆಧಾರ ಇಲ್ಲದೆ ಆ ಆದೇಶಕ್ಕೆ ಮಾನ್ಯತೆ ಇಲ್ಲ. ನಮ್ಮಲ್ಲಿ 2023ರ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ವಿದೇಶಿ ಸರ್ಕಾರಕ್ಕೆ ಮಾಹಿತಿ ಕೊಡುವಾಗ ಕೇಂದ್ರ ಆದೇಶದಲ್ಲಿ ಹೇಳಿದ ಷರತ್ತು ಪಾಲಿಸಬೇಕು ಅಂತ ಅದರಲ್ಲಿದೆ. ಷರತ್ತು ಏನು? ಅದನ್ನು ನಿಯಮದಲ್ಲಿ ಬರೆದಿಲ್ಲ. ಜಿಎಸ್‌ಟಿ ನೋಟಿಫಿಕೇಶನ್ ಓದಿ ಓದಿ ಕಣ್ಣು ಸವೆಸಿಕೊಂಡವರಿಗೆ ಇಂಥ ಸಾಲು ಹೊಸದೇನಲ್ಲ.

ಇನ್ನೊಂದು. ಇದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೇಂದ್ರ ತನ್ನ ಯಾವ ಸಂಸ್ಥೆಗೆ ಬೇಕಾದರೂ ದೇಶದ ಭದ್ರತೆಯಂಥ ಕಾರಣಕ್ಕೆ ಈ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು. ಕೇಸು ಆಧಾರ್ ವಿರುದ್ಧ, ಅಂದರೆ ನಮ್ಮದೇ ಸರ್ಕಾರದ ವಿರುದ್ಧ. ಪರದೇಶದವರನ್ನು ತಡೆಯಿರಿ ಅನ್ನುವವರು ಈ ಸೆಕ್ಷನ್ ಬಗ್ಗೆಯೂ ಬಾಯಿ ಬಿಡಬೇಕು ಅನ್ನೋದು ನನ್ನ ವಾದ.

ಕಾನೂನು ಸ್ಪಷ್ಟವಾಗೋತನಕ ನಾನು ಮಾಡುತ್ತಿರೋದು ಇಷ್ಟು. ಕಡತಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಮಾಡಿ, ಆಮೇಲೆ ಕ್ಲೌಡಿಗೆ ಹಾಕುತ್ತೇವೆ. ಪಾಸ್‌ವರ್ಡ್ ಗೊತ್ತಿರೋದು ನನಗೆ ಮತ್ತು ನಮ್ಮ ಗುಮಾಸ್ತೆಗೆ ಮಾತ್ರ. ವಾರಂಟ್ ಬಂದರೂ ಕಂಪನಿಯವರು ಕೊಡಬಹುದಾದ್ದು ಅರ್ಥವಾಗದ ಗೀಚು. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಆಫೀಸಿನ ಬೀರುವಿನಲ್ಲಿದೆ. ತೊಂದರೆ ಏನಂದರೆ ಮೊಬೈಲಿನಲ್ಲಿ ಹುಡುಕಿದರೆ ಏನೂ ಸಿಗಲ್ಲ, ಪಾರ್ಟಿಗಳು ಬೈತಾರೆ.